ಸಿಸ್ಟಮ್ ಗೊತ್ತಿರುವವರೇ ಬೇಕಂತೆ

ಗೆ,
ಬೆಂಗಳೂರಿನಲ್ಲಿ ಫುಟ್‌ಬಾಲ್ ಕ್ಲಬ್ ನಡೆಸುವ ಮಾಲೀಕರಿಗೆ, ಆಟಗಾರರ ಕರಾರು ನೋಡಿಕೊಳ್ಳುವವರಿಗೆ, ರಾಜ್ಯದಲ್ಲಿ ಈ ಆಟದ ಆಡಳಿತ ಹೊತ್ತಿರುವ ಹಿರಿಯರಿಗೆ

ವಿಷಯ: ವಯಸ್ಸಾದ ಆಟಗಾರರನ್ನೇ ಮತ್ತೆ ಮತ್ತೆ ಕರಾರು ಮಾಡಿಕೊಳ್ಳುವ ಬಗ್ಗೆ, ಹಾಗೂ ಅದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹುಡುಗರ ಪಾಡಿನ ಬಗ್ಗೆ.

ಉಲ್ಲೇಖ: ಭಾರತ ಫುಟ್‌ಬಾಲ್ ತಂಡದ ಸುನಿಲ್ ಚೆಟ್ರಿ ಅವರು 2018ರ ಜೂನ್ 2ರಂದು ಹಾಕಿದ ವಿಡಿಯೊ.

ಮಾನ್ಯರೇ,

ಉಲ್ಲೇಖ ಎಂದು ಬರೆದದ್ದು ತಮಾಷೆಗಲ್ಲ. ಮೂವತ್ತಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ಉಲ್ಲೇಖವಿಲ್ಲದ ಕಾಗದ ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ ಎಂಬುದು ಆ ನೌಕರಿ ಕಲಿಸಿದ ಮೊದಲ ಪಾಠ. ಆ ವಿಡಿಯೊ ನಿಮಗೆ ನೆನಪಿರಬೇಕು. ಮುಂಬೈಯಲ್ಲಿ ಚೀನಾ ತೈಪೆ ಮೇಲೆ ಭಾರತ ಐದು ಗೋಲು ಹೊಡೆದಿತ್ತು. ಅದರಲ್ಲಿ ಮೂರು ಚೆಟ್ರಿ ಅವರದೇ. ನೋಡಲು ಬಂದಿದ್ದವರು ಎರಡೂವರೆ ಸಾವಿರ ಜನ. ಮಾರನೇ ದಿನ ಅವರು ಕ್ಯಾಮೆರಾ ಮುಂದೆ ಕೂತು, ಬೈಯುವುದಿದ್ದರೂ ಮೈದಾನಕ್ಕೇ ಬಂದು ಬೈಯಿರಿ, ಆದರೆ ಬನ್ನಿ ಎಂಬ ಅರ್ಥದಲ್ಲಿ ಕೈಮುಗಿದು ಕೇಳಿಕೊಂಡರು. ಎರಡು ದಿನ ಕಳೆದು ಕೆನ್ಯಾ ಜೊತೆ ಆಟವಾದಾಗ ಅದೇ ಮೈದಾನ ತುಂಬಿತ್ತು. ನಮ್ಮ ಕಡೆ ಹುಡುಗರೂ ಆಮೇಲೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗುವುದು ಜಾಸ್ತಿ ಮಾಡಿದರು. ಬರುವ ಭಾಗ ನಾವು ನಡೆಸಿಕೊಟ್ಟಿದ್ದೇವೆ. ಬೈಯುವ ಭಾಗ ಬಾಕಿ ಉಳಿದಿತ್ತು.

ನಮ್ಮವರು ಕಂಠೀರವಕ್ಕೆ ಬರುವುದು ಹೇಗೆಂದು ನಿಮಗೆ ಗೊತ್ತಿರಲಾರದು. ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಆಗಸ್ಟ್ 1ರಿಂದ ಬೈಕುಗಳಿಗೆ ಅದರಲ್ಲಿ ಪ್ರವೇಶವಿಲ್ಲ ಎಂದರು. ಹಾಗಾಗಿ ಪಕ್ಕದ ಸರ್ವೀಸ್ ರೋಡಿನಲ್ಲಿ, ಲಾರಿಗಳ ನಡುವೆ, ಒಂದು ಬೈಕಿಗೆ ಇಬ್ಬರಂತೆ ಬಿಡದಿ, ಕೆಂಗೇರಿ ದಾಟಿ ಬರುತ್ತಾರೆ. ಬೈಕಿಲ್ಲದವರು ಬಸ್ಸು. ಏಳೂವರೆಗೆ ಶುರುವಾದ ಆಟ ಮುಗಿಯುವ ಹೊತ್ತಿಗೆ ಸ್ಯಾಟಲೈಟ್ ನಿಲ್ದಾಣ ಸೇರಬೇಕಲ್ಲ, ಆದ್ದರಿಂದ ಎಂಬತ್ತನೇ ನಿಮಿಷಕ್ಕೇ ಏಳುತ್ತಾರೆ. ಕೊನೇ ಗಳಿಗೆಯ ಗೋಲುಗಳನ್ನು ನಮ್ಮ ಚನ್ನಪಟ್ಟಣದ ಹುಡುಗರು ನೋಡುವುದು ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು, ಫೋನಿನಲ್ಲಿ. ಐವತ್ತು ಅರವತ್ತು ಕಿಲೋಮೀಟರು ಅಷ್ಟೇ, ಆದರೆ ದೂರವೇ. ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರಿಗೆ ಬೆಂಗಳೂರು ಬಂತು, ಬೆಂಗಳೂರಿನ ಫುಟ್‌ಬಾಲ್ ಬರಲಿಲ್ಲ.

ಈಗ ದೂರಿಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗನನ್ನು ಬೆಂಗಳೂರಿನ ಒಂದು ಕ್ಲಬ್ಬಿನ ಟ್ರಯಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಯಾವ ಕ್ಲಬ್ ಎಂದು ಬರೆಯುವುದಿಲ್ಲ. ಬರೆದರೆ ಜಗಳ ಅವರ ಮೇಲೆ ಹೋಗುತ್ತದೆ, ವಿಷಯ ಮೂಲೆಗೆ ಬೀಳುತ್ತದೆ. ಹುಡುಗ ಮಾಗಡಿ ತಾಲ್ಲೂಕಿನವನು, ರಾಮನಗರದಲ್ಲಿ ಸೋದರತ್ತೆ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದ. ಎಡಗಾಲಿನವನು. ಊರಲ್ಲಿ ರಾಗಿ ಕಣವೇ ಅವನ ಮೈದಾನ. ಸುಗ್ಗಿ ಮುಗಿದು ಕಣ ಖಾಲಿಯಾದ ತಿಂಗಳುಗಳಲ್ಲಿ ಆಡಿದ್ದು, ಉಳಿದ ತಿಂಗಳು ರಸ್ತೆಯಲ್ಲಿ ಓಡಿದ್ದು. ಟ್ರಯಲ್ಸ್‌ನಲ್ಲಿ ಇಪ್ಪತ್ತು ನಿಮಿಷ ಆಡಿಸಿದರು. ಲೆಫ್ಟ್ ಬ್ಯಾಕ್ ನಿಲ್ಲಿಸಿದ್ದರು. ಎದುರಿನ ವಿಂಗರ್‌ಗೆ ಒಂದು ಸಲವೂ ದಾಟಲು ಬಿಡಲಿಲ್ಲ ಅವನು. ಆದರೆ ತಂಡದ ಕೈಗೆ ಚೆಂಡು ಬಂದ ಕೂಡಲೇ ಒಳಗೆ ಬಾ, ಮಧ್ಯಕ್ಕೆ ಬಾ ಎಂದು ಗೆರೆಯಾಚೆಯಿಂದ ಕೋಚ್ ಕೂಗುತ್ತಿದ್ದರು. ಇವನು ಕಕ್ಕಾಬಿಕ್ಕಿಯಾಗಿ ಗೆರೆಗೇ ಅಂಟಿಕೊಂಡು ನಿಂತಿದ್ದ. ಅವನಿಗೆ ನಾನು ಕಲಿಸಿದ್ದು ಅದನ್ನೇ, ನಿನ್ನ ಗೆರೆ ಬಿಡಬೇಡ ಅಂತ.

ಕೊನೆಗೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಮರ್ಯಾದೆಯಿಂದಲೇ ಹೇಳಿದರು: "ಸಾರ್, ಹುಡುಗ ಚೆನ್ನಾಗಿದಾನೆ. ಸ್ಪೀಡ್ ಇದೆ, ಎದೆ ಇದೆ. ಆದ್ರೆ ಸಿಸ್ಟಮ್ ಗೊತ್ತಿಲ್ಲ. ಹದಿನೇಳು ಆಗೋಗಿದೆ, ಈಗ ಕಲಿಸ್ತಾ ಕೂರೋಕೆ ನಮಗೆ ಟೈಮ್ ಇಲ್ಲ."

ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದವನು ಕೆಂಗೇರಿ ದಾಟಿದ ಮೇಲೆ ಕೇಳಿದ. "ಮೇಷ್ಟ್ರೇ, ಸಿಸ್ಟಮ್ ಅಂದ್ರೆ ಏನು ಸಾ? ಅದ್ನ ಎಲ್ಲಿ ಹೇಳ್ಕೊಡ್ತಾರೆ?"

ಉತ್ತರ ಗೊತ್ತಿಲ್ಲದ ಮೇಷ್ಟ್ರು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಬಿಡದಿಯಲ್ಲಿ ಇಳಿಸಿ ತಟ್ಟೆ ಇಡ್ಲಿ ಕೊಡಿಸಿದೆ.

ಒಂದು ತಿಂಗಳೂ ಕಳೆದಿರಲಿಲ್ಲ, ಅದೇ ಕ್ಲಬ್ಬು ಮೂವತ್ತಾರು ದಾಟಿದ ತನ್ನ ಹಳೇ ಡಿಫೆಂಡರ್ ಒಬ್ಬರನ್ನು ಇನ್ನೊಂದು ವರ್ಷಕ್ಕೆ ಉಳಿಸಿಕೊಂಡಿತು. ಕಾರಣ ಕೇಳಿದ್ದಕ್ಕೆ ನನ್ನ ಪರಿಚಯದ ರೆಫರಿಯೊಬ್ಬರು ಅಂದರು: "ಅವ್ರಿಗೆ ಸಿಸ್ಟಮ್ ಗೊತ್ತಲ್ಲ ಮೇಷ್ಟ್ರೇ, ಹೊಸಬರಿಗೆ ಹೇಳೋ ತಾಪತ್ರಯ ಇಲ್ಲ." ನನ್ನ ಹುಡುಗ ಈಗ ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಸಂಬಳ ಸರಿಯಾಗಿ ಬರುತ್ತದೆ, ಮನೆಯವರಿಗೆ ಖುಷಿ. ನನಗೇ ಆ ಇಡ್ಲಿ ಇನ್ನೂ ಗಂಟಲಲ್ಲಿದೆ.

ಹಳಬರ ಮೇಲೆ ನನಗೆ ಸಿಟ್ಟಿದೆ ಎಂದು ದಯವಿಟ್ಟು ತಿಳಿಯಬೇಡಿ. ಸಿಟ್ಟಿದ್ದರೆ ಚೆಟ್ರಿ ಅವರ ಹೆಸರನ್ನು ಉಲ್ಲೇಖದಲ್ಲಿ ಹಾಕುತ್ತಿರಲಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಿನಿಂದ ಆ ನೀಲಿ ಅಂಗಿಯಲ್ಲಿ ಆಡುತ್ತಾ ಬಂದವರು ಅವರು. ಮೊದಲ ವರ್ಷವೇ ಐ-ಲೀಗ್, 2015-16ರಲ್ಲಿ ಇನ್ನೊಂದು, 2016ರಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್, 2018-19ರಲ್ಲಿ ಐಎಸ್‌ಎಲ್. ಎಲ್ಲದರಲ್ಲೂ ಇದ್ದರು. 2023-24ರಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿದಾಗ, ಇನ್ನು ಮುದುಕನನ್ನು ಮನೆಗೆ ಕಳಿಸಿ ಎಂದು ನಮ್ಮ ಹುಡುಗರೇ ಅಂದಿದ್ದರು. ನಾನೂ ಅಲ್ಲಿ ತಲೆಯಾಡಿಸಿದ್ದೆ, ಒಪ್ಪಿಕೊಳ್ಳುತ್ತೇನೆ. ಮುಂದಿನ ವರ್ಷ ಏನಾಯಿತು? 2024ರ ಡಿಸೆಂಬರ್ 7ರ ರಾತ್ರಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್. ವಯಸ್ಸು 40. ಆ ಋತುವಿನಲ್ಲಿ 14 ಗೋಲು, ಭಾರತೀಯ ಆಟಗಾರರಲ್ಲಿ ಎಲ್ಲರಿಗಿಂತ ಹೆಚ್ಚು. ಸೆಮಿಫೈನಲ್‌ನಲ್ಲಿ ಗೋವಾದ ನೆಲದಲ್ಲಿ, ಇನ್ನೇನು ಸೀಟಿ ಊದಬೇಕು ಅನ್ನುವಾಗ ತಲೆಯಿಂದ ಹೊಡೆದು ತಂಡವನ್ನು ಫೈನಲ್‌ಗೆ ದಾಟಿಸಿದರು. ಫೈನಲ್ ಕೋಲ್ಕತ್ತದಲ್ಲಿ ಮೋಹನ್ ಬಾಗನ್ ಪಾಲಾಯಿತು, ಅದು ಬೇರೆ ಮಾತು.

ರಾಹುಲ್ ಭೇಕೆ ಅವರ ಕತೆಯೂ ಹಾಗೇ. 2019ರ ಐಎಸ್‌ಎಲ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ತಲೆ ಕೊಟ್ಟು ಕಪ್ ತಂದವರು. ಆಮೇಲೆ ಮುಂಬೈಗೆ ಹೋದರು. 2024ರಲ್ಲಿ, 33ನೇ ವಯಸ್ಸಿನಲ್ಲಿ, ಬೆಂಗಳೂರು ಅವರನ್ನು ಮತ್ತೆ ಕರೆಸಿಕೊಂಡಿತು. ತಪ್ಪು ಅನ್ನುವ ಹಾಗಿಲ್ಲ. ತಂಡ ಹತ್ತರಿಂದ ಮೂರಕ್ಕೆ ಏರಿತು. ಲೋಕದಲ್ಲೂ ಇದು ಹೊಸದಲ್ಲ. ದೇಶದ ತಂಡ ಬಿಟ್ಟಿದ್ದ 38ರ ರೋಜರ್ ಮಿಲ್ಲಾ ಅವರನ್ನು 1990ರ ವಿಶ್ವಕಪ್‌ಗೆ ಕ್ಯಾಮರೂನ್ ದೇಶದ ಅಧ್ಯಕ್ಷರೇ ಕೇಳಿ ಕರೆಸಿದರು. ನಾಲ್ಕು ಗೋಲು ಹೊಡೆದರು ಅವರು, ಕ್ಯಾಮರೂನ್ ಕ್ವಾರ್ಟರ್ ಫೈನಲ್ ತಲುಪಿತು. ಇನ್ನು ನಮ್ಮ ಚನ್ನಪಟ್ಟಣದವರಿಗಂತೂ ಹಳೇ ಆಟಗಾರ ಹೊಸ ಜೆರ್ಸಿ ಹಾಕಿಕೊಂಡು ಬಂದು ಗೆಲ್ಲುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಳಬರೊಬ್ಬರು ಪಕ್ಷ ಬದಲಿಸಿ ಗೆದ್ದ 2024ರ ನವೆಂಬರಿನ ಉಪಚುನಾವಣೆ ನೋಡಿದವರು ನಾವು.

ಆದರೆ ಹಳಬರೊಬ್ಬರ ಮೇಲೇ ಎಲ್ಲ ಭಾರ ಹೇರಿದರೆ ಏನಾಗುತ್ತದೆ ಎಂಬುದಕ್ಕೂ ಚೆಟ್ರಿ ಅವರೇ ಉದಾಹರಣೆ. 2024ರ ಜೂನ್ 6ರಂದು ಕುವೈತ್ ಜೊತೆಗಿನ ಆಟದೊಂದಿಗೆ ಚೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿದರು. ಆ ಇಡೀ ವರ್ಷ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಅವರನ್ನು ಮತ್ತೆ ಕರೆತಂದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಅವರೂ ಒಂದು ಗೋಲು ಹೊಡೆದರು, 3-0. ಎಲ್ಲರೂ ಉಸ್ಸಪ್ಪಾ ಅಂದರು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1-2ರಲ್ಲಿ ಸೋತು 2027ರ ಏಷ್ಯಾ ಕಪ್ ಕೈತಪ್ಪಿತು. ನೂರ ನಲವತ್ತು ಕೋಟಿ ಜನರ ದೇಶ 41 ವರ್ಷದ ಒಬ್ಬ ಮನುಷ್ಯನ ಬೆನ್ನ ಮೇಲೆ ಹತ್ತಿ ಕೂತಿತ್ತು. ಬೆನ್ನು ನೋಯಿತು ಎಂದು ಅವರನ್ನು ಬೈಯಲು ಬಾಯಿ ಹೇಗೆ ಬರುತ್ತದೆ?

ನನ್ನ ತಲೆ ತಿನ್ನುತ್ತಿರುವುದು ಆ ಹುಡುಗನ ಪ್ರಶ್ನೆ. ಸಿಸ್ಟಮ್ ಅಂದರೆ ಏನು?

ಕೋಚ್ ಹೇಳಿಕೊಡುವುದು ಎಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದೆ. ಚೆಟ್ರಿ ಅವರ ಕಾಲದಲ್ಲಿ ಬೆಂಗಳೂರಿಗೆ ಆ್ಯಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್, ಮಾರ್ಕೊ ಪೆಝಾಯೋಲಿ, ಸೈಮನ್ ಗ್ರೇಸನ್, ಜೆರಾರ್ಡ್ ಝರಗೋಝಾ ಬಂದರು. ಮಧ್ಯೆ ನಾಲ್ಕು ದಿನಕ್ಕೆಂದು ನಿಂತವರನ್ನು ಬಿಟ್ಟೇ ಆರು ಜನ. ಇಂಗ್ಲೆಂಡಿನವರು, ಸ್ಪೇನಿನವರು, ಜರ್ಮನಿಯವರು. ಒಬ್ಬರು ಚೆಂಡು ಮೇಲೆತ್ತಿ ಹೊಡೆಯಿರಿ ಅಂದರೆ ಇನ್ನೊಬ್ಬರು ನೆಲ ಬಿಡಬೇಡಿ ಅಂದಿರುತ್ತಾರೆ. ಹಾಗಿದ್ದ ಮೇಲೆ ಹಳಬರಿಗೆ ಗೊತ್ತಿರುವ ಸಿಸ್ಟಮ್ ಯಾರದು? ಕೋಚ್ ಹೋದಾಗ ಅವರ ಸಿಸ್ಟಮ್ಮೂ ಅವರ ಸೂಟ್‌ಕೇಸಿನಲ್ಲೇ ಹೋಗಿರಬೇಕಲ್ಲ. ಉಳಿದದ್ದು ಬೇರೆ ಏನೋ ಇದೆ.

ಅದನ್ನು ನೋಡಲೆಂದೇ ಒಂದು ಸಂಜೆ ಕಂಠೀರವದಲ್ಲಿ ಕೂತು, ಚೆಂಡಿನ ಕಡೆ ತಿರುಗದೆ ಚೆಟ್ರಿ ಒಬ್ಬರನ್ನೇ ನೋಡಿದೆ. ಪಕ್ಕದ ಹುಡುಗರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಅವರು ಓಡುವುದಕ್ಕಿಂತ ನಡೆಯುವುದೇ ಹೆಚ್ಚು. ಚೆಂಡು ಎಡಗಡೆ ಇದ್ದರೆ ಬಲಗಡೆಯ ಸ್ಟಾಪರ್‌ನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾರೆ. ಆ ಸ್ಟಾಪರ್ ಚೆಂಡು ನೋಡಿದರೆ ಇವರು ಕಾಣುವುದಿಲ್ಲ, ಇವರನ್ನು ನೋಡಿದರೆ ಚೆಂಡು ಕಾಣುವುದಿಲ್ಲ. ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ. ನಿಂತಲ್ಲೇ ಕೈ ಚಾಚಿ ಒಬ್ಬ ಚಿಕ್ಕವನಿಗೆ ಜಾಗ ತೋರಿಸುತ್ತಾರೆ. ಅವನು ಅಲ್ಲಿಗೆ ಹೋದ ಕೂಡಲೇ ಎದುರಾಳಿಗಳಲ್ಲಿ ಇಬ್ಬರು ಅವನ ಹಿಂದೆ ಸರಿಯುತ್ತಾರೆ, ಇವರ ಮುಂದೆ ಒಂದು ಕಂಬಳಿಯಷ್ಟು ಜಾಗ ಖಾಲಿಯಾಗುತ್ತದೆ. ಎತ್ತರ ಕಮ್ಮಿ ಇದ್ದೂ ಅಷ್ಟು ಗೋಲುಗಳನ್ನು ತಲೆಯಿಂದ ಹೊಡೆದದ್ದು ಹೇಗೆಂದು ಆವತ್ತು ಗೊತ್ತಾಯಿತು. ಜಿಗಿದದ್ದು ಅಲ್ಲ, ಮೊದಲೇ ಹೋಗಿ ನಿಂತದ್ದು. ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು, ಪಕ್ಕದವನಿಗೆ ಎಷ್ಟು ಹೇಳಬೇಕು. ಇದು ಕರಿಹಲಗೆಯ ಮೇಲೆ ಬರುವ ವಿದ್ಯೆ ಅಲ್ಲ. ನಿಂತವರ ಪಕ್ಕದಲ್ಲಿ ನಿಂತು ಕಲಿಯುವುದು. ಮಾಗಡಿಯ ರಾಗಿ ಕಣದಲ್ಲಿ ಆ ಪಕ್ಕದವರು ಎಲ್ಲಿಂದ ಬರಬೇಕು?

ರಾಮನಗರದ ಕಡೆಯವನಾಗಿ ನಿಮಗೊಂದು ರೇಷ್ಮೆ ಮಾತು ಹೇಳದಿದ್ದರೆ ಊರಿಗೆ ಅವಮಾನ. ನಮ್ಮ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅನ್ನುತ್ತಾರೆ. ರೀಲರ್‌ಗಳು ಬರುತ್ತಾರೆ, ಗೂಡನ್ನು ಬೆರಳಲ್ಲಿ ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ಬೆಲೆ ಕಟ್ಟುತ್ತಾರೆ. ಅದು ಅವರ ಕಸುಬು, ತಪ್ಪಿಲ್ಲ. ಆದರೆ ಆ ಗೂಡಿನ ಹಿಂದೆ ಚಾಕಿ ಎಂಬುದೊಂದಿದೆ. ಮೊಟ್ಟೆಯೊಡೆದು ಬಂದ ಇರುವೆ ಗಾತ್ರದ ಹುಳುವನ್ನು ನೇರ ರೈತನ ತಟ್ಟೆಗೆ ಸುರಿದರೆ ಬಹಳಷ್ಟು ಸಾಯುತ್ತವೆ. ಆದ್ದರಿಂದ ಚಾಕಿ ಕೇಂದ್ರದಲ್ಲಿ, ಕೈ ಪಳಗಿದವರು, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಶಾಖ ತೇವ ನೋಡಿ, ಎರಡನೇ ಜ್ವರ, ಅಂದರೆ ಹುಳು ಪೊರೆ ಬಿಡುವ ಹೊತ್ತು, ದಾಟಿಸಿ ರೈತರಿಗೆ ಕೊಡುತ್ತಾರೆ. ಹುಳು ಸೊಪ್ಪು ಮುಕ್ಕುವುದು ಕೊನೇ ಜ್ವರ ಎದ್ದ ಮೇಲೆ, ಖರ್ಚೆಲ್ಲ ಆಗ. ಆದರೆ ಚಾಕಿ ಕೆಟ್ಟಿದ್ದರೆ ಆಮೇಲೆ ಗಾಡಿಗಟ್ಟಲೆ ಸೊಪ್ಪು ಸುರಿದರೂ ಗೂಡು ಜಾಳೇ.

ನೀವು ರೀಲರ್‌ಗಳು, ಮಾನ್ಯರೇ. ಹದಿನೇಳರ ಹುಡುಗನನ್ನು ಕಿವಿ ಹತ್ತಿರ ಅಲ್ಲಾಡಿಸಿ, ಜಾಳು ಅನ್ನುತ್ತೀರಿ. ಚಾಕಿ ಯಾರು ಮಾಡಬೇಕಿತ್ತು? ನಾನು ಮಾಡಬೇಕಿತ್ತು. ಆದರೆ ನಾನು ಕಬಡ್ಡಿ ಆಡಿ ಬೆಳೆದವನು. ಫುಟ್‌ಬಾಲ್ ಕಲಿತದ್ದು ನಿಯಮಗಳ ಪುಸ್ತಕದಿಂದ, ಆಫ್‌ಸೈಡ್ ಅರ್ಥವಾಗಲು ಎರಡು ವರ್ಷ ಹಿಡಿಯಿತು. ನಮ್ಮಲ್ಲಿ ಹೋಬಳಿ ಮಟ್ಟದಿಂದ ಕಬಡ್ಡಿ, ಖೋಖೋ, ವಾಲಿಬಾಲ್ ತಂಡಗಳು ಮೆರವಣಿಗೆಯ ಹಾಗೆ ಬರುತ್ತವೆ. ಫುಟ್‌ಬಾಲ್ ತಂಡಗಳನ್ನು ಎಣಿಸಲು ನನಗೆ ಒಂದು ಕೈ ಸಾಕಾದ ವರ್ಷಗಳಿವೆ. ಒಂದೇ ತಂಡ ಬಂದು, ಆಡದೇ ಗೆದ್ದು, ಮುಂದಿನ ಹಂತಕ್ಕೆ ಹೋಗಿ, ಅಲ್ಲಿ ಏಳು ಗೋಲು ತಿಂದು ಬಂದದ್ದನ್ನೂ ನೋಡಿದ್ದೇನೆ. ಆ ತಂಡ ನಮ್ಮದೇ.

ಬೆಂಗಳೂರಲ್ಲಿ ಹೀಗಿರಲಿಲ್ಲವಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು, ಅದುವರೆಗೆ ಬಿಳಿ ಸೈನಿಕರ ತಂಡಗಳ ಆಸ್ತಿಯಾಗಿದ್ದ ಕಪ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲ ಭಾರತ ಫ್ರಾನ್ಸಿಗೆ ಹೊಡೆದ ಒಂದೇ ಗೋಲು ಬೆಂಗಳೂರಿನ ರಾಮನ್ ಅವರದು. ಅಹ್ಮದ್ ಖಾನ್, ಕೆಂಪಯ್ಯ ಅಂಥವರು ಒಲಿಂಪಿಕ್ಸ್ ಆಡಿ ಬಂದರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಎತ್ತಿತು. ಆಸ್ಟಿನ್ ಟೌನ್, ಗೌತಮಪುರದ ಹುಡುಗರಿಗೆ ಸಿಸ್ಟಮ್ ಎಲ್ಲಿ ಕಲಿಸುತ್ತಾರೆ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಐಟಿಐ, ಎಚ್‌ಎಎಲ್‌ನಲ್ಲಿ ನೌಕರಿ ಮಾಡುತ್ತಾ ಆಡುತ್ತಿದ್ದ ಅಣ್ಣಂದಿರು ಸಂಜೆ ಬೀದಿಯಲ್ಲಿ ಇರುತ್ತಿದ್ದರು. ಹಳಬ ಮನೆಗೆ ಹೋಗುವ ದಾರಿಯೇ ಹೊಸಬನ ಶಾಲೆಯಾಗಿತ್ತು. ಆಮೇಲೆ ಆ ಕಂಪನಿ ತಂಡಗಳು ಸೊರಗಿದವು, ಹಳಬರು ಅಪಾರ್ಟ್‌ಮೆಂಟು ಸೇರಿದರು. ಐದನೇ ಸಂತೋಷ್ ಟ್ರೋಫಿಗೆ ಕರ್ನಾಟಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2ರಲ್ಲಿ ಗೆದ್ದಾಗ ನಮ್ಮೂರ ಹುಡುಗರು ಪಟಾಕಿ ಹೊಡೆದರು. ನಮ್ಮ ಜಿಲ್ಲೆಯವರು ಎಷ್ಟು ಜನ ಆಡಿದರು ಎಂದು ಯಾರೂ ನನ್ನನ್ನು ಕೇಳಲಿಲ್ಲ, ಪುಣ್ಯ.

ಚಿಕ್ಕವರನ್ನು ನಾವು ಬೆಳೆಸುತ್ತಿಲ್ಲವೇ ಎಂದು ನೀವು ಕೇಳಬಹುದು. ಬೆಳೆಸುತ್ತಿದ್ದೀರಿ, ಕಂಡಿದ್ದೇನೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರಿನ ಮೊದಲ ಪಂದ್ಯವನ್ನು ಒಂದೇ ಗೋಲಿನಲ್ಲಿ ಗೆಲ್ಲಿಸಿಕೊಟ್ಟದ್ದು 19ರ ವಿನೀತ್ ವೆಂಕಟೇಶ್. ಅದೇ ಋತುವಿನಲ್ಲಿ 40ರ ಚೆಟ್ರಿ ಪಕ್ಕದಲ್ಲಿ ಆಡುತ್ತಾ ಆತ ಬೆಳೆದ. ನೋಡಿ, ಹಳಬರ ಪಕ್ಕ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ನಾನು ಕೇಳುತ್ತಿರುವುದು ಆ ಪಕ್ಕದ ಜಾಗ ಕಂಠೀರವದ ಗೇಟಿನೊಳಗೇ ಏಕೆ ಮುಗಿಯಬೇಕು ಎಂದು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಬರೆಯಲೇಬೇಕು. ಬರೆಯದಿದ್ದರೆ ಈ ಪತ್ರಕ್ಕೆ ಬೆಲೆಯಿಲ್ಲ.

ನಾನೂ ಮರುಕರಾರಿನ ಮನುಷ್ಯನೇ. 60ಕ್ಕೆ ನಿವೃತ್ತನಾದೆ. ಆಮೇಲೆ ಒಂದು ಖಾಸಗಿ ಶಾಲೆಯವರು ಪ್ರತಿ ಜೂನ್‌ನಲ್ಲಿ ಕರೆಯುತ್ತಾರೆ, ಇನ್ನೊಂದು ವರ್ಷ ಇರಿ ಮೇಷ್ಟ್ರೇ, ನಿಮಗೆ ಎಲ್ಲಾ ಗೊತ್ತು ಎಂದು. ಗೊತ್ತು ನಿಜ. ವಯಸ್ಸಿನ ದಾಖಲೆ ಯಾವ ನಮೂನೆಯಲ್ಲಿರಬೇಕು, ಫೋಟೊ ಮೇಲೆ ಮುಖ್ಯ ಶಿಕ್ಷಕರ ಸೀಲು ಎಲ್ಲಿ ಬೀಳಬೇಕು, ಕ್ರೀಡಾಕೂಟದ ದಿನ ಊಟದ ಟೋಕನ್ನಿಗೆ ಯಾರನ್ನು ಹಿಡಿಯಬೇಕು, ಕನಕಪುರದ ಕಡೆಯಿಂದ ಬರುವ ತಂಡ ತಡವಾದರೆ ಡ್ರಾ ಹೇಗೆ ಹಿಂದೆ ಮುಂದೆ ಮಾಡಬೇಕು. ಎಲ್ಲಾ ನನ್ನ ತಲೆಯಲ್ಲಿದೆ, ಒಂದು ಹಳೇ ಕೆಂಪು ಫೈಲಿನಲ್ಲಿದೆ. ಮೂರು ವರ್ಷದಿಂದ ನನ್ನ ಪಕ್ಕದಲ್ಲಿ ಒಬ್ಬ ಹೊಸ ಮೇಷ್ಟ್ರು ಇದ್ದಾರೆ, ಬಿ.ಪಿ.ಎಡ್ ಮಾಡಿದವರು, ನನಗಿಂತ ಚೆನ್ನಾಗಿ ಫುಟ್‌ಬಾಲ್ ಗೊತ್ತು. ಅವರ ಕೈಗೆ ನಾನು ಸೀಟಿ ಕೊಟ್ಟಿದ್ದೇನೆ, ಫೈಲು ಕೊಟ್ಟಿಲ್ಲ. ಏನಾದರೂ ಬೇಕಾದಾಗ ಅವರು ನನಗೆ ಫೋನ್ ಮಾಡುತ್ತಾರೆ. ಆ ಫೋನ್ ಬಂದಾಗ ನನಗಾಗುವ ಖುಷಿ ಇದೆಯಲ್ಲ, ಅದು ಒಳ್ಳೆಯ ಖುಷಿ ಅಲ್ಲವೆಂದು ಈ ಪತ್ರ ಬರೆಯುವಾಗಲೇ ಹೊಳೆದದ್ದು. ಜೂನ್‌ನಲ್ಲಿ ನನ್ನನ್ನು ಮತ್ತೆ ಕರೆಯಲು ಕಾರಣ ಆ ಫೈಲು ನನ್ನ ಬೀರುವಿನಲ್ಲಿರುವುದು. ಕೊಟ್ಟುಬಿಟ್ಟರೆ ಕರೆಯುತ್ತಾರೋ ಇಲ್ಲವೋ.

ಚನ್ನಪಟ್ಟಣದ ಗೊಂಬೆ ಮಾಡುವವರಲ್ಲಿ ಈ ಭಯ ನಾನು ಕಂಡಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಲೇತ್ ಮುಂದೆ ಕೂರುವ ಹಿರಿಯರೊಬ್ಬರಿದ್ದಾರೆ. ಕಣ್ಣು ಮಂಜಾಗಿದೆ. ಹಾಲೆ ಮರದ ತುಂಡು ತಿರುಗುವಾಗ ಅರಗಿನ ಕಡ್ಡಿ ಎಷ್ಟು ಒತ್ತಬೇಕೆಂದು ಕಣ್ಣಿಗಿಂತ ಕೈಗೆ ಗೊತ್ತು. ಕೇದಗೆ ಗರಿ ಹಿಡಿದು ಹೊಳಪು ಕೊಡುವಾಗ ಪಕ್ಕದಲ್ಲಿ ಮೊಮ್ಮಗನ ವಯಸ್ಸಿನವನೊಬ್ಬ ಕೂತಿರುತ್ತಾನೆ. ಆ ಕಾರ್ಖಾನೆಯವರು ಅವರಿಗೆ ಈಗಲೂ ಕೂಲಿ ಕೊಡುವುದು ಯಾವುದಕ್ಕೆ ಎಂದು ಕೇಳಿದೆ. "ಗೊಂಬೆಗಲ್ಲ ಸ್ವಾಮಿ, ಈ ಹೈದನಿಗೆ," ಅಂದರು.

ಈಗ ನನ್ನ ಕೋರಿಕೆ. ಇದು ಬಹಳ ಸಣ್ಣದು. ಮೂವತ್ತೈದು ದಾಟಿದ ಆಟಗಾರರನ್ನು ನೀವು ಮರುಕರಾರು ಮಾಡಿಕೊಳ್ಳುವಾಗ ಆ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ: ವರ್ಷಕ್ಕೆ ಇಪ್ಪತ್ತು ಸಂಜೆ ಇವರು ಬೆಂಗಳೂರಿನ ಹೊರಗೆ ಇರತಕ್ಕದ್ದು. ನಮಗೆ ತಾಲ್ಲೂಕಿಗೆ ಐದು ಬಂದರೆ ಸಾಕು. ಕ್ಯಾಮೆರಾ ಬೇಡ, ಟೀ ಶರ್ಟ್ ಹಂಚುವುದು ಬೇಡ, ಚೆಂಡು ದಾನ ಮಾಡಿ ಫೋಟೊ ತೆಗೆಸಿಕೊಳ್ಳುವುದು ಮೊದಲೇ ಬೇಡ. ಅವರು ಹುಡುಗರ ಪಕ್ಕ ಒಂದೂವರೆ ಗಂಟೆ ನಿಲ್ಲಲಿ. ಎಲ್ಲಿ ನಿಲ್ಲಬೇಕು ಎಂದು ತೋರಿಸಲಿ, ತಪ್ಪಿದರೆ ಬೈಯಲಿ. ನಮ್ಮ ನಾಲ್ಕು ತಾಲ್ಲೂಕಿನ ದೈಹಿಕ ಶಿಕ್ಷಕರು ಗೆರೆಯಾಚೆ ನಿಂತು ಬರೆದುಕೊಳ್ಳುತ್ತೇವೆ. ಹತ್ತು ವರ್ಷದ ಮಕ್ಕಳಿಂದ ಶುರು ಮಾಡಿ, ಹದಿನೇಳರವರಿಗೆ ತಡವಾಗಿದೆ ಎಂದು ನೀವೇ ಹೇಳಿದ್ದೀರಿ. ರಾಜ್ಯದ ಆಡಳಿತದವರಲ್ಲಿ ಕೇಳುವುದು ಇನ್ನೊಂದು: ಕೋಚ್‌ಗಳಿಗೆ ಕೊಡುವ ಡಿ ಲೈಸೆನ್ಸ್ ತರಬೇತಿಯನ್ನು ವರ್ಷಕ್ಕೊಮ್ಮೆ ನಮ್ಮ ಜಿಲ್ಲೆಯಲ್ಲೇ, ಕನ್ನಡದಲ್ಲಿ ನಡೆಸಿ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ದುಡ್ಡಿಲ್ಲ ಎನ್ನುವಿರಿ. ಗೊತ್ತಿದೆ. 2025ರ ಬೇಸಿಗೆ ಕಳೆಯುವಷ್ಟರಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ತೂಗುಯ್ಯಾಲೆಯಾಗಿ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಬೇಕಾಗಿ ಬಂದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಲೀಗ್ ನಿಂತ ತಿಂಗಳುಗಳಲ್ಲಿ ಆ ಆಟಗಾರರು ಎಲ್ಲಿ ಅಭ್ಯಾಸ ಮಾಡಿದರೋ ಕಾಣೆ. ನಮ್ಮಲ್ಲಿಗೆ ಬಂದಿದ್ದರೆ ಮುದ್ದೆ ಬಸ್ಸಾರು ಹಾಕುತ್ತಿದ್ದೆವು. ಇಪ್ಪತ್ತು ಸಂಜೆಗೆ ಬೇಕಿರುವುದು ಒಂದು ಕಾರಿನ ಪೆಟ್ರೋಲು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ತಡೆಯಿಲ್ಲ, ಟೋಲು ಕೊಟ್ಟರಾಯಿತು. ಟೋಲು ನಾವು ಕೊಡುತ್ತೇವೆ.

ಬರುವ ದಿನ ಒಂದು ವಾರ ಮೊದಲೇ ತಿಳಿಸಿದರೆ ಸುಣ್ಣ ಹಾಕಿಸಿರುತ್ತೇನೆ. ಸಂಜೆ ನಾಲ್ಕೂವರೆ. ಬೇಸಿಗೆಯಾದರೆ ಕೆರೆ ಅಂಗಳದಲ್ಲಿ, ಸರ್ವೆ ಗಳು ನೆಟ್ಟ ಗೋಲ್‌ಪೋಸ್ಟ್ ಇದೆ, ದನ ಅಡ್ಡ ಬಂದರೆ ಆಟ ನಿಲ್ಲಿಸುವುದು ನಮ್ಮಲ್ಲಿ ಕಾನೂನು. ಕೆರೆಗೆ ನೀರು ಬಂದಿದ್ದರೆ ಶಾಲೆಯ ಹಿಂದಿನ ಜಾಗ. ಅಲ್ಲಿ ಒಂದು ಕಡೆಯ ಕಂಬ ಹುಣಸೆ ಮರ, ಅದಕ್ಕೆ ಬಡಿದು ಒಳಗೆ ಹೋದದ್ದು ಗೋಲು ಹೌದೋ ಅಲ್ಲವೋ ಎಂಬ ಜಗಳ ಹತ್ತು ವರ್ಷದಿಂದ ತೀರಿಲ್ಲ, ನಿಮ್ಮವರೇ ತೀರ್ಮಾನಿಸಲಿ. ಕೆಂಪು ಫೈಲನ್ನು ಆವತ್ತೇ ಹೊಸ ಮೇಷ್ಟ್ರ ಕೈಗೆ ಕೊಡುತ್ತೇನೆ ಎಂದು ಬರೆದಿದ್ದೆ, ಹೊಡೆದು ಹಾಕಿದೆ. ನಾಳೆ ಬೆಳಿಗ್ಗೆ ಕೊಡುತ್ತೇನೆ.

ಬಿಡದಿಯಲ್ಲಿ ಕೆಲಸ ಮಾಡುವ ಆ ಹುಡುಗನಿಗೆ ಎರಡನೇ ಪಾಳಿ ಇಲ್ಲದ ವಾರ ನೋಡಿ ದಿನ ಗೊತ್ತುಮಾಡಿದರೆ ಉಪಕಾರ. ಅವನೂ ಬರುತ್ತಾನೆ. ಅವನ ಪ್ರಶ್ನೆ ಹಾಗೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ಚನ್ನಪಟ್ಟಣ ತಾಲ್ಲೂಕು